ತೆಕ್ಲಾ ಅಂಟಿಸಿಟ್ಟ ಚೀಟಿಗಳು

ಶುಕ್ರವಾರ ಸಂಜೆ ನಾಲ್ಕೂವರೆ ಆಯಿತೆಂದರೆ ತೆಕ್ಲಾ ಸಾವ್ಕಾ ಅಡುಗೆಮನೆಯ ಮೇಜಿನ ಮುಂದೆ ಬಂದು ಸುಮ್ಮನೆ ಕೂರುತ್ತಿದ್ದಳು. ಎಪ್ಪತ್ತೆರಡಾದರೂ ಕೈಕಟ್ಟಿ ಕೂರುವ ಹೆಂಗಸಲ್ಲ ಅವಳು. ಆದರೆ ಆ ಹತ್ತು ನಿಮಿಷ ಅವಳಿಂದ ಒಂದು ಈರುಳ್ಳಿ ಹೆಚ್ಚುವುದಕ್ಕೂ ಆಗುತ್ತಿರಲಿಲ್ಲ. ಮಗ ರೋಮನ್ ಚಿಪ್ಸ್ ಕಾರ್ಖಾನೆಯಿಂದ ಬರಬೇಕು, ಬಾಗಿಲಲ್ಲಿ ಬೂಟು ಬಿಡಬೇಕು, ಕೋಟಿನ ಒಳಜೇಬಿನಿಂದ ಸಂಬಳದ ಲಕೋಟೆ ತೆಗೆದು ಅವಳ ಮುಂದೆ ಇಡಬೇಕು. ಲಕೋಟೆಯ ಅಂಟು ಬಿಟ್ಟಿರಬಾರದು. ಅವಳು ಅದರ ಮೇಲೆ ಹೆಬ್ಬೆರಳು ಸವರಿ, "ಕೈ ತೊಳ್ಕೊ, ಸೂಪು ಆರ್ತಿದೆ" ಅನ್ನುವಳು. ಅಷ್ಟಾದರೆ ಮುಂದಿನ ಏಳು ದಿನ ಅವಳಿಗೆ ನಿದ್ದೆ ಬರುತ್ತಿತ್ತು.

ಗಿಲ್ಮೋರ್ ಪ್ಯಾಚ್ ಎಂಬ ಆ ಹಳೇ ಗಣಿಯೂರಿನಲ್ಲಿ ಇದೇನು ಹೊಸ ಪದ್ಧತಿಯಲ್ಲ. ಕಲ್ಲಿದ್ದಲ ಗಣಿ ನಡೆಯುತ್ತಿದ್ದ ಕಾಲದಲ್ಲಿ ಗಂಡಸರೆಲ್ಲ ಸಂಬಳದ ಲಕೋಟೆಯನ್ನು ಒಡೆಯದೆ ತಂದು ಹೆಂಡತಿಗೋ ತಾಯಿಗೋ ಕೊಡುತ್ತಿದ್ದರು. ಒಡೆದ ಲಕೋಟೆ ತಂದವನ ಮನೆಯಲ್ಲಿ ಆ ಸಂಜೆ ಪಾತ್ರೆಗಳ ಸದ್ದು ಜೋರಾಗಿ ಕೇಳಿಸುತ್ತಿತ್ತು. ಮನೆಗಳ ಇಡೀ ಸಾಲಿಗೇ ವಿಷಯ ಗೊತ್ತಾಗುತ್ತಿತ್ತು. ತೆಕ್ಲಾಳ ಗಂಡನ ಹೆಸರೂ ರೋಮನ್ ಸಾವ್ಕಾ ಎಂದೇ. ಅವನು ಒಂದು ವಾರವೂ ಒಡೆದ ಲಕೋಟೆ ತಂದವನಲ್ಲ. ಆಮೇಲೆ ಗಣಿ ಮುಚ್ಚಿತು, ಎದೆಯಲ್ಲಿ ಇದ್ದಲ ಪುಡಿ ತುಂಬಿಕೊಂಡು ಅವನೂ ತೀರಿಕೊಂಡ, ಉಳಿದವರ ಸಂಬಳ ನೇರ ಬ್ಯಾಂಕಿಗೆ ಹೋಗತೊಡಗಿತು. ಪದ್ಧತಿಯನ್ನು ಊರೇ ಮರೆತಿತ್ತು. ಕಾರ್ಖಾನೆಯಲ್ಲಿ ಕೇಳಿಕೊಂಡು, ಸಂಬಳವನ್ನು ನಗದಾಗಿ ಲಕೋಟೆಯಲ್ಲಿ ತರಿಸಿ, ಅದನ್ನು ಮತ್ತೆ ಶುರುಮಾಡಿದವನು ಮಗ, ಅದೂ ತನ್ನ ನಲವತ್ತನೆಯ ವಯಸ್ಸಿನಲ್ಲಿ.

"ಅಮ್ಮ, ನನ್ ಕೈಗೆ ದುಡ್ಡು ಸಿಗಬಾರದು," ಎಂದಿದ್ದ ಅವನು, ಚಟ ಬಿಡಿಸುವ ಆಸ್ಪತ್ರೆಯಿಂದ ಬಂದ ದಿನ. "ಲಕೋಟೆ ಒಡೆದಿದ್ರೆ ಏನೂ ಕೇಳ್ಬೇಡ. ನಾನು ಮತ್ತೆ ಶುರು ಹಚ್ಕೊಂಡೆ ಅಂತ ತಿಳ್ಕೊ."

ಅವನದು ಮಾತ್ರೆಯ ಚಟ. ಟೈರು ಎತ್ತುವಾಗ ಸೊಂಟ ಹಿಡಿದುಕೊಂಡಿತ್ತು, ಡಾಕ್ಟರು ನೋವಿಗೆ ಬರೆದುಕೊಟ್ಟರು. ಸೊಂಟ ವಾಸಿಯಾದ ಮೇಲೂ ಮಾತ್ರೆ ಬಿಡಲಿಲ್ಲ. ಮೊದಲು ಕಾರು ಮಾರಿದ, ಆಮೇಲೆ ಅಪ್ಪನ ಅಕಾರ್ಡಿಯನ್. ಹೋದ ವರ್ಷ ಈಸ್ಟರಿನ ಉಪವಾಸದ ದಿನಗಳಲ್ಲಿ ಇಗರ್ಜಿಯ ನೆಲಮಾಳಿಗೆಗೆ ನುಗ್ಗಿ ಕಡುಬಿನ ಡಬ್ಬಿಯನ್ನೇ ಎತ್ತಿಕೊಂಡು ಹೋದ.

ಈ ಕಡುಬಿನ ಡಬ್ಬಿ ಅಂದರೆ ಸಾಮಾನ್ಯದ ಡಬ್ಬಿಯಲ್ಲ. ಉಪವಾಸದ ಏಳು ವಾರ ಊರಲ್ಲಿ ಯಾರೂ ಶುಕ್ರವಾರ ಮಾಂಸ ಮುಟ್ಟುವುದಿಲ್ಲ. ಹಾಗಾಗಿ ಅಲ್ಲಿನ ಉಕ್ರೇನಿ ಇಗರ್ಜಿಯ ಮುದುಕಿಯರು ಹಿಂದಿನ ದಿನಗಳಲ್ಲೇ ಸೇರಿ ಆಲೂಗಡ್ಡೆ ಕಡುಬು ಮಾಡಿಡುತ್ತಾರೆ, ಅಕ್ಕಪಕ್ಕದ ನಾಲ್ಕು ಊರಿನವರು ಸಾಲುಗಟ್ಟಿ ಬಂದು ಕೊಂಡುಹೋಗುತ್ತಾರೆ. ಆ ದುಡ್ಡು ಬೀಳುವುದು ಈ ಡಬ್ಬಿಗೆ, ಇಗರ್ಜಿಯ ಸೂರು ನಿಂತಿರುವುದೇ ಅದರ ಮೇಲೆ. ಡಬ್ಬಿಯ ಉಸ್ತುವಾರಿ ಯುಸ್ಟಿನಾಳದು. ತೆಕ್ಲಾಳ ಬಾಲ್ಯದ ಗೆಳತಿ, ನಾಲಿಗೆಯಲ್ಲಿ ಮೆಣಸಿಟ್ಟುಕೊಂಡೇ ಹುಟ್ಟಿದವಳು. ಅವಳೇ ಪೊಲೀಸರಿಗೆ ಹೇಳಿದ್ದು, ಕಳ್ಳ ಯಾರೆಂದು ಗೊತ್ತಿಲ್ಲದೆ. ಡಬ್ಬಿ ರೋಮನ್‌ನ ಕೋಣೆಯಲ್ಲಿ ಸಿಕ್ಕಿದ ಮೇಲೆ ಅವಳು ಮೂರು ದಿನ ಅನ್ನ ನೀರು ಬಿಟ್ಟಳು.

ಅವನನ್ನು ಚಟ ಬಿಡಿಸುವ ಆಸ್ಪತ್ರೆಗೆ ಸೇರಿಸಿದರು, ಮೇ ತಿಂಗಳಲ್ಲಿ ಮನೆಗೆ ಬಂದ. ಆಗಸ್ಟಿನಲ್ಲಿ ಕೋರ್ಟು. ಕಡುಬಿನ ಹೆಂಗಸರು ಹನ್ನೊಂದು ಮಂದಿಯೂ ತಲೆಗೆ ಸ್ಕಾರ್ಫು ಕಟ್ಟಿ ಹೋಗಿ, ನಮಗೆ ಡಬ್ಬಿ ಸಿಕ್ಕಿದೆ, ನಲವತ್ತು ಡಾಲರ್ ಕಮ್ಮಿ ಇದೆ, ಅದನ್ನೂ ಬಿಟ್ಟಿದ್ದೇವೆ, ಹುಡುಗನನ್ನೂ ಬಿಟ್ಟುಬಿಡಿ ಎಂದು ಕೇಳಿಕೊಂಡರು. ಜಡ್ಜು ಒಳ್ಳೆಯ ಮನುಷ್ಯ. ಜೈಲು ಬಿಟ್ಟ, ದಂಡ ಬಿಟ್ಟ, ಎರಡು ವರ್ಷ ನಿಗಾದಲ್ಲಿ ಇರಬೇಕು ಅಂದ. ಆದರೆ ಕೋರ್ಟಿನ ಖರ್ಚು ಅಂತ ಒಂದು ಸಾವಿರದ ಎಂಟುನೂರ ಅರವತ್ತು ಡಾಲರ್ ಹಾಗೇ ನಿಂತಿತು. ಕಾಗದ ಇಟ್ಟಿದ್ದಕ್ಕೆ, ಕಂಪ್ಯೂಟರಿಗೆ, ಶೆರೀಫನ ಆಳುಗಳಿಗೆ, ಯಾವ ಯಾವುದೋ ನಿಧಿಗಳಿಗೆ. ತಾನು ಬಿಡಬಹುದಾದ್ದನ್ನೆಲ್ಲ ಬಿಟ್ಟಿದ್ದೇನೆ, ಇದು ತನ್ನ ಕೈಯಲ್ಲಿಲ್ಲ, ತಪ್ಪು ಒಪ್ಪಿಕೊಂಡ ಕೂಡಲೇ ಕಾನೂನೇ ಬರೆದುಬಿಡುತ್ತದೆ ಎಂದು ಜಡ್ಜು ಹೇಳಿದ. ತಿಂಗಳಿಗೆ ಅರವತ್ತರಂತೆ ಕಟ್ಟಲಿ ಎಂದ.

"ಕದ್ದಿದ್ದು ನಮ್ದು, ನಾವು ಬಿಟ್ವಿ," ಎಂದಳು ಯುಸ್ಟಿನಾ, ಮೆಟ್ಟಿಲಿಳಿಯುವಾಗ ಎಲ್ಲರಿಗೂ ಕೇಳಿಸುವಂತೆ. "ಇವರ್ದೇನು ಕದ್ದಿದ್ದನಂತೆ?"

ತೆಕ್ಲಾಳಿಗೆ ಅದರ ಉತ್ತರ ಬೇಕಿರಲಿಲ್ಲ. ಮಗ ಮನೆಗೆ ಬಂದಿದ್ದ, ಅರವತ್ತು ಡಾಲರ್ ತಿಂಗಳಿಗೆ ಹೊಂದಿಸಬಹುದಿತ್ತು. ಅವನು ಲಕೋಟೆ ಕೊಡುತ್ತಿದ್ದ, ಇವಳು ಅದರಲ್ಲಿ ಅರವತ್ತು ತೆಗೆದು ಅಂಚೆ ಕಚೇರಿಯಲ್ಲಿ ಮನಿ ಆರ್ಡರ್ ಬರೆಸಿ ಕೋರ್ಟಿಗೆ ಕಳಿಸುತ್ತಿದ್ದಳು. ಒಂದು ತಿಂಗಳೂ ತಪ್ಪಿಸಲಿಲ್ಲ, ಒಂದು ದಿನ ತಡಮಾಡಲಿಲ್ಲ.

ಕೋರ್ಟಿನವರು ಕೊಟ್ಟಿದ್ದ ಕಟ್ಟಿನಲ್ಲಿ ತಿಂಗಳಿಗೊಂದು ಚೀಟಿ ಇತ್ತು. ಚೀಟಿಯ ಕೆಳಗೆ ಚುಕ್ಕಿಯ ಗೆರೆ, ಗೆರೆಯ ಕೆಳಗೆ ಕೇಸಿನ ನಂಬರಿನ ತುಂಡು. ತೆಕ್ಲಾ ಮೂವತ್ತೊಂದು ವರ್ಷ ಶರ್ಟು ಕಾರ್ಖಾನೆಯಲ್ಲಿ ಕಾಲರು ಹೊಲಿದವಳು. ಅಲ್ಲಿಯೂ ಹೀಗೆಯೇ ಇತ್ತು: ಬಟ್ಟೆಯ ಕಟ್ಟಿಗೊಂದು ಚೀಟಿ, ಹೊಲಿದಾದ ಮೇಲೆ ಚೀಟಿಯ ತುದಿ ಕತ್ತರಿಸಿ ನಿನ್ನ ಹಾಳೆಗೆ ಅಂಟಿಸಿಕೊ. ಬಟ್ಟೆ ಮುಂದಿನ ಮೇಜಿಗೆ ಹೋಯಿತು, ಆದರೆ ನಂಬರಿನ ತುಂಡು ನಿನ್ನ ಹತ್ತಿರ ಉಳಿಯಿತು. ವಾರದ ಕೊನೆಗೆ ಆಫೀಸಿನವರು ಕಮ್ಮಿ ಲೆಕ್ಕ ತೋರಿಸಿದರೆ ಹಾಳೆ ಬಿಚ್ಚಿ ಅವರ ಮೂಗಿನ ಕೆಳಗೆ ಹಿಡಿ. ತುಂಡು ಕಳೆದುಕೊಂಡವಳು ದುಡಿದದ್ದು ಗಾಳಿಗೆ ಹೋಯಿತು. ಮದುವೆಯ ಉಂಗುರ ಕಳೆದರೂ ಆ ತುಂಡು ಕಳೆಯಬಾರದು ಎಂದು ಅಲ್ಲಿಯ ಹುಡುಗಿಯರು ತಮಾಷೆ ಮಾಡುತ್ತಿದ್ದರು.

ಹಾಗಾಗಿ ತೆಕ್ಲಾ ಪ್ರತಿ ತಿಂಗಳೂ ಚುಕ್ಕಿ ಗೆರೆಯ ಮೇಲೆ ಕತ್ತರಿ ಆಡಿಸಿ, ನಂಬರಿನ ತುಂಡನ್ನು ನೋಟ್‌ಬುಕ್ಕಿನಲ್ಲಿ ನೀಟಾಗಿ ಅಂಟಿಸಿಟ್ಟಳು. ಮನಿ ಆರ್ಡರಿನ ಮೇಲೆ ತನ್ನ ಮುದ್ದಾದ ಅಕ್ಷರದಲ್ಲಿ 'ರೋಮನ್ ಸಾವ್ಕಾ, ಕೋರ್ಟು ಖರ್ಚು' ಎಂದು ಬರೆದು ಕಳಿಸಿದಳು. ಸೆಪ್ಟೆಂಬರಿನಿಂದ ಮಾರ್ಚಿನವರೆಗೆ ಏಳು ತುಂಡುಗಳು ಒಂದರ ಕೆಳಗೊಂದು ಕೂತವು.

ಜನವರಿಯಲ್ಲಿ ಒಂದು ಕಾಗದ ಬಂತು, ಹಣ ಬಾಕಿ ಇದೆ ಎಂದು. ತೆಕ್ಲಾ ನಕ್ಕಳು. ಶರ್ಟು ಕಾರ್ಖಾನೆಯ ಆಫೀಸಿನವರೂ ಹೀಗೇ ಮಾಡುತ್ತಿದ್ದರು. ಬರಲಿ ಬಿಡು, ಹಾಳೆ ನನ್ನ ಹತ್ತಿರ ಇದೆ ಅಂದುಕೊಂಡಳು. ರೋಮನ್ ನೋಡಿದರೆ ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಾನೆ, ತಲೆ ಕೆಟ್ಟರೆ ಅವನಿಗೆ ನೆನಪಾಗುವುದು ಒಂದೇ. ಕಾಗದವನ್ನು ಗೋಡೆಯ ಮೇಲಿನ ಮಾತೆ ಮರಿಯಮ್ಮನ ಪಟದ ಹಿಂದೆ ಸೇರಿಸಿದಳು. ಫೆಬ್ರವರಿಯಲ್ಲಿ ಇನ್ನೊಂದು ಬಂತು, ಅದೂ ಪಟದ ಹಿಂದೆ ಹೋಯಿತು. ಮಾರ್ಚಿನ ಮೊದಲ ವಾರ ಬಂದದ್ದನ್ನು ಒಡೆಯಲೂ ಇಲ್ಲ.

ಈ ಸಲದ ಉಪವಾಸ ಅವಳಿಗೆ ಹಬ್ಬವೇ ಆಗಿತ್ತು. ಒಂದು ವರ್ಷ ನಾಚಿಕೆಯಿಂದ ದೂರ ಉಳಿದವಳು ಮತ್ತೆ ಕಡುಬಿನ ಮೇಜಿಗೆ ಬಂದಳು. ರೋಮನ್ ಹಿಟ್ಟಿನ ಮೂಟೆ ಹೊತ್ತು ತರುತ್ತಿದ್ದ, ಯುಸ್ಟಿನಾ ಅವನ ಮುಂದೆಯೇ ಡಬ್ಬಿ ತೆರೆದಿಟ್ಟು ಬೇಕೆಂದೇ ಆಚೆ ಹೋಗುತ್ತಿದ್ದಳು. ಎಲ್ಲಕ್ಕಿಂತ ದೊಡ್ಡದು ಇನ್ನೊಂದಿತ್ತು. ಶುಭ ಶುಕ್ರವಾರ ಯೇಸುವಿನ ದೇಹದ ಚಿತ್ರವಿರುವ ಪವಿತ್ರ ವಸ್ತ್ರವನ್ನು ನಾಲ್ವರು ಗಂಡಸರು ನಾಲ್ಕು ಮೂಲೆ ಹಿಡಿದು ಇಗರ್ಜಿಯ ಸುತ್ತ ಮೂರು ಸುತ್ತು ಒಯ್ಯುತ್ತಾರೆ. ಅಪ್ಪ ಹಿಡಿಯುತ್ತಿದ್ದ ಹಿಂದಿನ ಎಡಮೂಲೆಯನ್ನು ಈ ವರ್ಷ ಮಗ ಹಿಡಿಯಲಿ ಎಂದು ಪಾದ್ರಿಗಳೇ ಹೇಳಿದ್ದರು. ತೆಕ್ಲಾ ಗಂಡನ ಕಪ್ಪು ಕೋಟನ್ನು ಬಿಚ್ಚಿ, ತೋಳು ಒಂದಂಗುಲ ಇಳಿಸಿ, ಇಸ್ತ್ರಿ ಮಾಡಿ ತೂಗುಹಾಕಿದ್ದಳು.

ಶುಭ ಶುಕ್ರವಾರಕ್ಕೆ ಎರಡು ದಿನ ಮುಂಚೆ, ಬುಧವಾರ ಸಂಜೆ ಕೊನೆಯ ಕಂತಿನ ಕಡುಬು ನಡೆದಿತ್ತು. ಇಗರ್ಜಿಯ ಫೋನು ಹೊಡೆದುಕೊಂಡಿತು, ಯುಸ್ಟಿನಾ ಹಿಟ್ಟಿನ ಕೈಯಲ್ಲೇ ಎತ್ತಿಕೊಂಡಳು. ಫೋನು ಮಾಡಿದವನು ರೋಮನ್‌ನ ಗೆಳೆಯ; ಕೇಳಿ ಮುಗಿಸಿದವಳು ಮೇಜು ಸುತ್ತಿ ಬಂದು ತೆಕ್ಲಾಳಿಗೆ ಹೇಳಿದಳು. ಕಾರ್ಖಾನೆಯಿಂದ ಬರುವ ದಾರಿಯಲ್ಲಿ, ಗೆಳೆಯನ ವ್ಯಾನಿನ ಹಿಂದಿನ ದೀಪ ಉರಿಯುತ್ತಿಲ್ಲ ಎಂದು ಪೊಲೀಸರು ನಿಲ್ಲಿಸಿದ್ದರು. ಒಳಗಿದ್ದವರ ಹೆಸರು ಕೇಳಿದರು. ರೋಮನ್ ಹೆಸರಿನಲ್ಲಿ ವಾರಂಟ್ ಇತ್ತು. ಏಳು ತಿಂಗಳು ಕೋರ್ಟಿನ ಖರ್ಚು ಕಟ್ಟಿಲ್ಲ, ವಿಚಾರಣೆಗೆ ಕರೆದರೂ ಬಂದಿಲ್ಲ. ನೇರ ಜೈಲಿಗೆ ಹಾಕಿದ್ದರು.

"ಕಟ್ಟಿದೀನಿ ಕಣೆ," ಎಂದಳು ತೆಕ್ಲಾ. "ಒಂದೊಂದು ತಿಂಗಳದ್ದೂ ನನ್ ಹತ್ರ ಇದೆ."

ಮಾರನೆಯ ಬೆಳಿಗ್ಗೆ ಯುಸ್ಟಿನಾಳ ಹಳೇ ಕಾರಿನಲ್ಲಿ ಇಬ್ಬರೂ ಜಿಲ್ಲಾ ಕೋರ್ಟಿಗೆ ಹೋದರು. ತೆಕ್ಲಾಳ ತೊಡೆಯ ಮೇಲೆ ನೋಟ್‌ಬುಕ್ಕು, ಇಬ್ಬರ ನಡುವೆ ಸೀಟಿನ ಮೇಲೆ ಕಡುಬಿನ ಡಬ್ಬಿ. ದಾರಿಯುದ್ದಕ್ಕೂ ತೆಕ್ಲಾಳಿಗೆ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಹಾಳೆ ಬಿಚ್ಚಿ ಅವರ ಮೂಗಿನ ಕೆಳಗೆ ಹಿಡಿಯುವುದು ಹೇಗೆ ಎಂದು ಮನಸ್ಸಿನಲ್ಲೇ ನಾಲ್ಕು ಸಲ ಆಡಿಕೊಂಡಳು.

ಕಿಟಕಿಯ ಹಿಂದೆ ಕೂತಿದ್ದವಳು ಮಿಸ್ ಡೆಂಗ್ಲರ್ ಎಂಬ ಐವತ್ತರ ಹೆಂಗಸು. ದನಿ ಏರಿಸದೆ ಮಾತಾಡುವವಳು. ನೋಟ್‌ಬುಕ್ಕನ್ನು ತನ್ನ ಕಡೆ ತಿರುಗಿಸಿಕೊಂಡು, ಏಳು ತುಂಡುಗಳನ್ನೂ ಒಂದೊಂದಾಗಿ ನೋಡಿದಳು. ಅವಳ ಮುಖ ಸಣ್ಣದಾಯಿತು.

"ಇವನ್ನ ನೀವು ದುಡ್ಡಿನ ಜೊತೆ ನಮಗೆ ಕಳಿಸಬೇಕಿತ್ತು ಅಮ್ಮ," ಎಂದಳು. "ಕೇಸಿನ ನಂಬರಿರೋದು ಇದರಲ್ಲೇ. ನಂಬರಿಲ್ಲದೆ ಬಂದ ದುಡ್ಡನ್ನ ಆ ಹೆಸರಿನ ಎಲ್ಲಕ್ಕಿಂತ ಹಳೇ ಬಾಕಿಗೆ ಹಾಕ್ತಾರೆ."

ಹಳೇ ಬಾಕಿ ಎಲ್ಲಿಂದ ಬಂತು, ನನ್ನ ಮಗ ಅದಕ್ಕೆ ಮುಂಚೆ ಯಾವ ತಪ್ಪೂ ಮಾಡಿದವನಲ್ಲ ಎಂದು ತೆಕ್ಲಾ ಹೇಳಿದಳು. ಮಿಸ್ ಡೆಂಗ್ಲರ್ ಕಂಪ್ಯೂಟರಿನಲ್ಲಿ ಹುಡುಕಿ, ಎಂಬತ್ತಮೂರನೇ ಇಸವಿ ಎಂದಳು. ರೋಮನ್ ಸಾವ್ಕಾ, ಗಿಲ್ಮೋರ್ ಪ್ಯಾಚ್. ಮೂರು ವರ್ಷದ ಹಿಂದೆ ನೆಲಮಾಳಿಗೆಯ ಹಳೇ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದಾಗ ಅದೂ ಬಂದಿತ್ತು. ಕಂಪನಿಯ ಇದ್ದಲ ಗುಡ್ಡೆಯಿಂದ ಕಲ್ಲಿದ್ದಲು ಕದ್ದದ್ದು. ಇದ್ದಲಿನ ಬೆಲೆ ಮೂವತ್ತೆಂಟು ಡಾಲರ್. ತಪ್ಪೊಪ್ಪಿಕೊಂಡಿದ್ದ. ಮಿಕ್ಕದ್ದೆಲ್ಲ ಕೋರ್ಟಿನ ಖರ್ಚು, ಖರ್ಚಿನ ಮೇಲೆ ಬೆಳೆದ ಬಡ್ಡಿಯ ಬಾಲ; ಎಲ್ಲ ಸೇರಿ ನಾನೂರ ಹದಿನೆಂಟು. ಇವಳು ಕಳಿಸಿದ ನಾನೂರ ಇಪ್ಪತ್ತರಲ್ಲಿ ಅದು ಪೂರ್ತಿ ತೀರಿತ್ತು. ಮಗನ ಲೆಕ್ಕಕ್ಕೆ ಏಳು ತಿಂಗಳಲ್ಲಿ ಬಂದದ್ದು ಎರಡು ಡಾಲರ್.

ಎಂಬತ್ತಮೂರರ ಫೆಬ್ರವರಿ ಅವಳಿಗೆ ಚೆನ್ನಾಗಿ ನೆನಪಿತ್ತು. ಗಣಿ ಮುಚ್ಚಿ ನಾಲ್ಕು ತಿಂಗಳು. ಹೊಟ್ಟೆಯಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ ರೋಮನ್ ಒಂದು ಬ್ರೆಡ್ಡಿನಷ್ಟಿದ್ದ. ಕೋಣೆ ತಣ್ಣಗಾದರೆ ಮಗು ಉಳಿಯುವುದಿಲ್ಲ ಎಂದು ದಾದಿ ಹೇಳಿ ಹೋಗಿದ್ದಳು. ಆ ಚಳಿಗಾಲವಿಡೀ ಅವರ ಒಲೆ ಆರಲಿಲ್ಲ. ಅಕ್ಕಪಕ್ಕದವರು ಕೋಟು ಹಾಕಿಕೊಂಡು ಮಲಗುತ್ತಿದ್ದರೆ ಇವಳ ಅಡುಗೆಮನೆಯಲ್ಲಿ ಕಿಟಕಿ ಬೆವರುತ್ತಿತ್ತು. ಒಬ್ಬರ ಟ್ರಕ್ಕು ರಿಪೇರಿ ಮಾಡಿಕೊಟ್ಟೆ, ಅವರು ಇದ್ದಲು ಕೊಟ್ಟರು ಎಂದು ಗಂಡ ಹೇಳಿದ್ದ. ಯಾರ ಟ್ರಕ್ಕು ಎಂದು ಅವಳು ಕೇಳಿರಲಿಲ್ಲ. ಕೇಳಬೇಕು ಅನ್ನಿಸಿತ್ತು, ನಿಜ. ಅವನ ಅಂಗೈಯ ಬೊಕ್ಕೆಗಳನ್ನು ನೋಡಿ, ಮಗುವಿನ ಕೆಂಪಗಾಗುತ್ತಿದ್ದ ಕೆನ್ನೆ ನೋಡಿ, ಬಾಯಿ ಮುಚ್ಚಿಕೊಂಡಿದ್ದಳು. ಒಂದು ದಿನ ಕೆಲಸ ಹುಡುಕಲು ದೊಡ್ಡ ಊರಿಗೆ ಹೋಗುತ್ತೇನೆಂದು ಈಗ ಮಗನಿಗೆಂದು ತೋಳು ಇಳಿಸಿಟ್ಟ ಅದೇ ಕಪ್ಪು ಕೋಟು ತೊಟ್ಟು ಹೋಗಿ, ಸಂಜೆ ಬರಿಗೈಯಲ್ಲಿ ಬಂದಿದ್ದ. ಅವನು ಅಂದು ಬಂದದ್ದು ಈ ಕಟ್ಟಡಕ್ಕೆ. ಇದೇ ಮೆಟ್ಟಿಲು ಹತ್ತಿದ್ದ. ಒಬ್ಬನೇ.

ಗಂಡನ ಮೇಲೆ ಕೋಪ ಬರಲಿ ಎಂದು ಅವಳು ಕಾದಳು. ಕೋಪ ಬರಲಿಲ್ಲ. ಬಂದದ್ದು ಬರೀ ಸಂಕಟ, ಇಪ್ಪತ್ತಾರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಅವನು ಇದನ್ನು ಒಬ್ಬನೇ ಹೊತ್ತನಲ್ಲ ಎಂದು.

ಅಷ್ಟರಲ್ಲಿ ಯುಸ್ಟಿನಾ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿದ್ದಳು. "ಎಷ್ಟು ಹೇಳಿ. ಸತ್ತವನದ್ದು ನಿಮಗೇ ಇರ್ಲಿ. ಹುಡುಗನದ್ದು ಈಗ್ಲೇ ಎಣಿಸ್ತೀನಿ. ಅವನನ್ನ ಬಿಡಿ."

"ಈಗ ದುಡ್ಡಿನಿಂದ ಆಗಲ್ಲಮ್ಮ," ಎಂದಳು ಮಿಸ್ ಡೆಂಗ್ಲರ್. ಅವಳಿಗೂ ಕಷ್ಟವಾಗುತ್ತಿತ್ತೆಂದು ಕಾಣುತ್ತಿತ್ತು. "ವಿಚಾರಣೆ ತಪ್ಪಿಸಿದಾರೆ. ಜಡ್ಜೇ ಸಹಿ ಹಾಕಬೇಕು. ಅವರು ನಿನ್ನೆನೇ ರಜೆ ಹೋದ್ರು, ಮಂಗಳವಾರ ಬರ್ತಾರೆ. ವಿಚಾರಣೆಗೆ ಕರೆದ ಕಾಗದ ನಿಮಗೆ ಬರಲಿಲ್ವ?"

ಯುಸ್ಟಿನಾ ಗೆಳತಿಯ ಕಡೆ ತಿರುಗಿದಳು. ತೆಕ್ಲಾ ನೆಲ ನೋಡುತ್ತಿದ್ದಳು.

"ಬಂದಿತ್ತು," ಎಂದಳು.

ಅದಾದ ಮೇಲೆ ಯುಸ್ಟಿನಾಳಂಥ ಯುಸ್ಟಿನಾಳೂ ಮನೆ ಮುಟ್ಟುವವರೆಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲಲ್ಲಿ ಇಳಿಸುವಾಗ ತೆಕ್ಲಾಳ ಸ್ಕಾರ್ಫು ಸರಿಮಾಡಿ ಹೋದಳು, ಅಷ್ಟೇ.

ಶುಭ ಶುಕ್ರವಾರ ಹಿಂದಿನ ಎಡಮೂಲೆಯನ್ನು ಔಷಧಿ ಅಂಗಡಿಯವನ ಅಳಿಯ ಹಿಡಿದ. ಒಳ್ಳೆಯ ಹುಡುಗ, ಆದರೆ ಕುಳ್ಳ. ವಸ್ತ್ರ ಆ ಮೂಲೆಯಲ್ಲಿ ಇಳಿಬಿದ್ದಿತ್ತು. ತೆಕ್ಲಾ ಮೂರು ಸುತ್ತೂ ಅದರ ಹಿಂದೆಯೇ ನಡೆದಳು. ಜನ ದಾರಿ ಬಿಟ್ಟು ನಿಂತರು, ಯಾರೂ ಅವಳ ಮುಖ ನೋಡಲಿಲ್ಲ. ಕಳೆದ ವರ್ಷ ಮಗ ಕದ್ದಾಗ ಅವರ ಮುಂದೆ ತಲೆ ತಗ್ಗಿಸಿದ್ದಳು. ಈ ಸಲ ತಪ್ಪು ಅವನದಲ್ಲ, ತನ್ನದು ಎಂದು ಒಬ್ಬೊಬ್ಬರನ್ನೂ ನಿಲ್ಲಿಸಿ ಹೇಳಬೇಕು ಅನ್ನಿಸುತ್ತಿತ್ತು. ಈಸ್ಟರಿನ ದಿನ ಬುಟ್ಟಿಯಲ್ಲಿ ಸಿಹಿ ಬ್ರೆಡ್ಡು, ಬಣ್ಣದ ಮೊಟ್ಟೆ ಇಟ್ಟು ಪಾದ್ರಿಗಳಿಂದ ಮಂತ್ರಿಸಿಕೊಂಡು ಬಂದವಳು ಅದನ್ನು ಬಿಚ್ಚಲೂ ಇಲ್ಲ.

ಮಂಗಳವಾರ ಕೋರ್ಟಿನಲ್ಲಿ ಆದದ್ದು ಐದು ನಿಮಿಷದ ಕೆಲಸ. ತೆಕ್ಲಾ ಗಂಡನ ಮರಣಪತ್ರ ಕೊಟ್ಟಳು. ನಾನೂರ ಹದಿನೆಂಟನ್ನು ಮಗನ ಲೆಕ್ಕಕ್ಕೆ ತಿರುಗಿಸಿದರು. ಗಂಡನ ಲೆಕ್ಕದ ಮೇಲೆ, ಬಾಕಿದಾರ ಸತ್ತಿದ್ದಾನೆ, ಹಣ ಬರುವ ಹಾಗಿಲ್ಲ ಎಂದು ಒಂದು ಮುದ್ರೆ ಬಿತ್ತು. ಏಳು ತಿಂಗಳಲ್ಲಿ ಸಾಲ ತೀರಿಸಿಕೊಂಡು ಮಲಗಿದ್ದವನನ್ನು ತಾನೇ ಎಬ್ಬಿಸಿ ಮತ್ತೆ ಸಾಲಗಾರನನ್ನಾಗಿ ಮಾಡಿದ ಹಾಗೆ ಅವಳಿಗೆ ಅನ್ನಿಸಿತು. ಆದರೂ ಸಹಿ ಹಾಕಿದಳು. ಜಡ್ಜು ತನಗೆ ಬೇಸರವಾಯಿತೆಂದು ಬಾಯಿಬಿಟ್ಟು ಹೇಳಿದ. ಆಮೇಲೆ ಮಿಸ್ ಡೆಂಗ್ಲರ್ ಹೊಸ ಚೀಟಿಗಳ ಕಟ್ಟು ಕೊಟ್ಟಳು. ಮೊತ್ತದಲ್ಲಿ ಎಪ್ಪತ್ತೆರಡು ಡಾಲರ್ ಹೆಚ್ಚಿತ್ತು. ವಾರಂಟ್ ಜಾರಿ ಮಾಡಿದ್ದರ ಖರ್ಚಂತೆ, ಅದನ್ನೂ ಬಿಡುವ ಹಾಗಿಲ್ಲವಂತೆ.

ರೋಮನ್ ಗಡ್ಡ ಬಿಟ್ಟುಕೊಂಡು ಹೊರಗೆ ಬಂದ. ಆರು ದಿನದಲ್ಲಿ ಆರು ವರ್ಷ ಮುಪ್ಪಾಗಿದ್ದ. ಜೈಲಿನಲ್ಲಿ ಯಾರಿದ್ದರು ಎಂದು ಯುಸ್ಟಿನಾ ಕೇಳಿದ್ದಕ್ಕೆ, ಎಲ್ಲ ಹಳಬರೇ ಎಂದ. ಮಾತ್ರೆಯ ಕಾಲದ ಗೆಳೆಯರು ಎಂದು ತೆಕ್ಲಾಳಿಗೆ ಅರ್ಥವಾಯಿತು. ಅವನು ಚಿಪ್ಸ್ ಕಾರ್ಖಾನೆಗೆ ಫೋನು ಮಾಡಿದಾಗ ಮೇಸ್ತ್ರಿ, ಮೂರು ದಿನ ಹೇಳದೆ ಕೇಳದೆ ತಪ್ಪಿಸಿದವರನ್ನು ಇಟ್ಟುಕೊಳ್ಳುವ ಹಾಗಿಲ್ಲ, ಶುಕ್ರವಾರ ಬಂದು ಬಾಕಿ ಸಂಬಳ ತಗೊಂಡು ಹೋಗು ಎಂದಿದ್ದ.

ಮನೆಗೆ ಬಂದು ಅವಳು ಎಲ್ಲವನ್ನೂ ಹೇಳಿದಳು. ನೋಟ್‌ಬುಕ್ಕು ತೋರಿಸಿದಳು. ಮರಿಯಮ್ಮನ ಪಟ ಸರಿಸಿ ಮೂರು ಕಾಗದಗಳನ್ನೂ ತೆಗೆದು ಮೇಜಿನ ಮೇಲಿಟ್ಟಳು. ಕಲ್ಲಿದ್ದಲಿನ ಮಾತು ಬಂದಾಗ ಅವನು ಮೊದಲ ಸಲ ತಲೆ ಎತ್ತಿದ.

"ಅಪ್ಪನಾ?"

"ನೀನು ಬದುಕ್ಲಿ ಅಂತ ಕಣೋ. ಇಷ್ಟೇ ಇಷ್ಟು ಇದ್ದೆ ನೀನು."

ಅವನು ನಕ್ಕ. ಆ ನಗು ಅವಳಿಗೆ ಹಿಡಿಸಲಿಲ್ಲ. "ಅವನು ನನಗೋಸ್ಕರ ಕದ್ದ, ನಾನು ಏಳು ತಿಂಗಳು ಅವನದ್ದು ಕಟ್ದೆ. ಅಲ್ಲಿಗೆ ಸರಿಹೋಯ್ತು," ಎಂದ. ಮೂರನೆಯ ಕಾಗದ, ಒಡೆಯದೇ ಉಳಿದದ್ದು, ಅವನ ಕೈಯಲ್ಲಿತ್ತು. ಅದರ ಅಂಟಿನ ಮೇಲೆ ಹೆಬ್ಬೆರಳು ಸವರುತ್ತಿದ್ದ. "ಇದನ್ನ ನಂಗೆ ಯಾಕೆ ಕೊಡ್ಲಿಲ್ಲ ಅಮ್ಮ?"

"ನಿಂಗೆ ಚಿಂತೆ ಹತ್ಕೊಂಡ್ರೆ..." ಎಂದು ಶುರುಮಾಡಿ ಅವಳು ಅಲ್ಲಿಗೇ ನಿಲ್ಲಿಸಿದಳು.

"ನಾನು ಲಕೋಟೆ ಒಡೀದೆ ನಿಂಗೆ ಕೊಡ್ತಿದ್ದೆ," ಎಂದ ಅವನು ಮೆಲ್ಲಗೆ. "ನೀನೂ ಒಡೀದೆ ನಂಗೆ ಕೊಡಬಹುದಿತ್ತು."

ಅದೊಂದೇ ಅವನು ಆಡಿದ ಬಿರುಸು ಮಾತು. ಅದನ್ನೂ ಬಿರುಸಾಗಿ ಆಡಲಿಲ್ಲ.

ಶುಕ್ರವಾರ ನಾಲ್ಕೂವರೆಗೆ ತೆಕ್ಲಾ ಮೇಜಿನ ಮುಂದೆ ಬಂದು ಕೂತಳು. ಐದಕ್ಕೆ ರೋಮನ್ ಬಂದ. ಬಾಗಿಲಲ್ಲಿ ಬೂಟು ಬಿಡಲಿಲ್ಲ, ಒರೆಸಿಕೊಂಡು ಒಳಗೆ ಬಂದ. ಕೋಟಿನ ಒಳಜೇಬಿನಲ್ಲಿ ಲಕೋಟೆಯ ಅಂಚು ಕಾಣುತ್ತಿತ್ತು. ಹರಿದಿತ್ತು. ಅವನು ಅದನ್ನು ತೆಗೆಯಲಿಲ್ಲ, ಮುಚ್ಚಿಕೊಳ್ಳಲೂ ಇಲ್ಲ.

"ಕೋರ್ಟಿಂದು ಇನ್ಮೇಲೆ ನಾನೇ ಕಟ್ಕೊಳ್ತೀನಿ ಅಮ್ಮ. ಚೀಟಿ ಕಟ್ಟು ಕೊಡು."

ಅವಳು ಎದ್ದು ಕಟ್ಟನ್ನು ತಂದು ಕೊಟ್ಟಳು. ಒಂದು ತುಂಡನ್ನೂ ಕತ್ತರಿಸಿರಲಿಲ್ಲ. ಸಿಟ್ಟಾ ಎಂದು ಕೇಳಿದಳು. ಸಿಟ್ಟಿಲ್ಲ ಅಂದ. ನಿಜಕ್ಕೂ ಇರಲಿಲ್ಲ; ಕೂಗಾಡಿದ್ದರೆ, ಪಾತ್ರೆ ಎಸೆದಿದ್ದರೆ ಅವಳಿಗೆ ಧೈರ್ಯ ಬರುತ್ತಿತ್ತು. ಅವನು ನೆಲಮಾಳಿಗೆಯಿಂದ ಎರಡು ಬಕೆಟ್ ಕಲ್ಲಿದ್ದಲು ತಂದು ಒಲೆ ತುಂಬಿದ, ಬೂದಿ ತೆಗೆದ, ಕೈ ತೊಳೆದುಕೊಂಡ. ಸೂಪು ಬಡಿಸಲಾ ಎಂದರೆ, ಬಂದು ಊಟ ಮಾಡ್ತೀನಿ, ಬೇಗ ಬರ್ತೀನಿ ಅಂದ. ಬಾಗಿಲು ಸದ್ದಿಲ್ಲದೆ ಹಾಕಿಕೊಂಡು ಹೋದ.

ಅವನು ಬ್ಯಾಂಕಿಗೆ ಹೋಗಿರಬಹುದು. ಅಂಚೆ ಕಚೇರಿ ಮುಚ್ಚುವ ಮೊದಲು ತಾನೇ ಮನಿ ಆರ್ಡರ್ ಬರೆಸೋಣ ಎಂದು ಓಡಿರಬಹುದು. ಅಮ್ಮನ ಕೈಗೆ ಕೊಟ್ಟರೆ ಏನಾಗುತ್ತದೆಂದು ನೋಡಿದವನು ಲಕೋಟೆಯನ್ನು ತಾನೇ ಒಡೆದದ್ದರಲ್ಲಿ ತಪ್ಪೇನಿದೆ? ಇಲ್ಲವೇ ಹಳಬರು ಕಾಯುವ ಜಾಗಕ್ಕೆ ಹೋಗಿರಬಹುದು. ಎರಡರಲ್ಲಿ ಯಾವುದು ಎಂದು ಅವಳು ಬಾಗಿಲಲ್ಲೇ ಕೇಳಬಹುದಿತ್ತು. ಹನ್ನೊಂದು ತಿಂಗಳು ಆ ಹಕ್ಕು ಅವಳಿಗಿತ್ತು; ಅದನ್ನು ಮೂರು ಕಾಗದಗಳ ಜೊತೆ ಪಟದ ಹಿಂದೆ ತಾನೇ ಸೇರಿಸಿಬಿಟ್ಟಿದ್ದಳು.

ಒಲೆ ಹತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಕಿಟಕಿ ಆ ಫೆಬ್ರವರಿಯಲ್ಲಿ ಬೆವರಿದ ಹಾಗೆಯೇ ಬೆವರತೊಡಗಿತು. ಅಂದೂ ಅವಳು ಇದೇ ಕುರ್ಚಿಯಲ್ಲಿ, ಮಡಿಲಲ್ಲಿ ಮಗು ಇಟ್ಟುಕೊಂಡು, ಇದ್ದಲು ಎಲ್ಲಿಂದ ಬಂತೆಂದು ಗಂಡನನ್ನು ಕೇಳದೆ ಕೂತಿದ್ದಳು.

ಸೂಪು ಆರುತ್ತಿತ್ತು. ಎದ್ದು ಮುಚ್ಚಳ ಮುಚ್ಚಿ, ಮತ್ತೆ ಬಂದು ಬಾಗಿಲಿಗೆ ಮುಖಮಾಡಿ ಕೂತಳು.